ಮೂರನೇ ಪುಟದ ಅಣ್ಣ

ಇಷ್ಟೊಂದು ಮಾತು ಅಣ್ಣನ ಬಾಯಿಂದ ಬಂದಿರಲು ಸಾಧ್ಯವೇ? ಮನೆಯಲ್ಲಿ ‘ಹೂಂ’, ‘ಬೇಡ’, ‘ಫ್ಯಾನ್ ಆರಿಸು’ ಬಿಟ್ಟರೆ ನಾಲ್ಕನೆಯ ಮಾತಾಡದವನು ಪತ್ರಿಕೆಯ ಮೂರನೇ ಪುಟದಲ್ಲಿ ಅರ್ಧ ಕಾಲಂ ಮಾತಾಡಿದ್ದಾನೆ. ಇಲ್ಲ, ಇದರಲ್ಲಿ ಏನೋ ಮಸಲತ್ತಿದೆ.

ಗುಮಾಸ್ತ ಕತ್ತರಿ ಕೆಳಗಿಟ್ಟ. ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ವಿಭಾಗದಲ್ಲಿ ಅವನ ಕೆಲಸವೇ ಇದು: ತಮ್ಮ ಹುಡುಗರ ಬಗ್ಗೆ ಊರಿನ ಪತ್ರಿಕೆಯಲ್ಲಿ ಬಂದದ್ದನ್ನು ಕತ್ತರಿಸಿ ಹಾಳೆಗೆ ಅಂಟಿಸುವುದು, ಅದರಲ್ಲಿ ಮಾತಾಡಿದ ಊರಿನ ಮತದಾರರ ಹೆಸರಿನ ಕೆಳಗೆ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವುದು, ಶಾಸಕರಿಗೆ ಮುಟ್ಟಿಸುವುದು. ಗುರುವಾರ ಅನುದಾನ ತೀರ್ಮಾನಿಸುವ ಸಮಿತಿ ಕೂರಲಿತ್ತು; ಊರಿನ ಶಾಸಕರೂ ಅದರಲ್ಲಿದ್ದರು. ಅನುದಾನ ನಿಂತರೆ ಹೊರದೇಶದಿಂದ ಓದಲು ಬರುವವರೂ ಇಲ್ಲ, ವಿಭಾಗವೂ ಇಲ್ಲ. ಈ ಶಾಸಕರ ಮನಸ್ಸು ಮಾತ್ರ ಇನ್ನೂ ಎತ್ತ ವಾಲಿದೆಯೆಂದು ಯಾರಿಗೂ ತಿಳಿಯದು.

‘ಈ ಮಕ್ಕಳು ಇರೋದಕ್ಕೇ ಗುಡ್ಡದ ಬಡಾವಣೆಗೆ ಬೆಳಗಿನ ಬಸ್ಸು ಓಡ್ತಿದೆ’ ಎಂದಿದ್ದನಂತೆ ಬಸ್ ಡ್ರೈವರ್ ಅಣ್ಣ. ‘ಅವರು ಹೋದ್ರೆ ಬಸ್ಸೂ ಹೋಗುತ್ತೆ. ಆಮೇಲೆ ನಮ್ಮ ಅಜ್ಜಿಯಂದಿರು ಆಸ್ಪತ್ರೆಗೆ ಹೆಗಲ ಮೇಲೆ ಹೋಗ್ಬೇಕಾ?’

“ಯಾರ್ರೀ ಈ ಡ್ರೈವರ್ರು?” ವಿಭಾಗದ ಮೇಡಂ ಹಿಂದಿನಿಂದ ಬಗ್ಗಿ ನೋಡಿದರು. “ನಾವೇ ಬರೆದುಕೊಟ್ಟಿದ್ರೂ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ.”

ಬರೆದುಕೊಟ್ಟವರು ನೀವೇ ಅಲ್ಲವೇ, ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಸುಳ್ಳು ಹೊರಬಿದ್ದರೆ ಇಡೀ ಕಡತವೇ ಕಸದ ಬುಟ್ಟಿಗೆ. ಛತ್ರಿ ತೆಗೆದುಕೊಂಡು ಹೊರಟ.

ಡಿಪೋದಲ್ಲಿ ಅಣ್ಣ ಬಸ್ಸಿನ ಗಾಜು ಒರೆಸುತ್ತಿದ್ದ.

“ಅಣ್ಣಾ, ಇದು ನೀನು ಹೇಳಿದ್ದಾ?”

ಅಣ್ಣ ಪತ್ರಿಕೆಯ ತುಂಡನ್ನು ನೋಡಿದ, ತಮ್ಮನನ್ನು ನೋಡಿದ, ಬಟ್ಟೆ ಹಿಂಡಿದ. “ಹೂಂ” ಎಂದ.

ಆ ‘ಹೂಂ’ ಬೇಕಾದ ಅರ್ಥಕ್ಕೆಲ್ಲ ಒಗ್ಗುವಂಥದ್ದು. ಗುಮಾಸ್ತನ ಅನುಮಾನ ಇನ್ನಷ್ಟು ಬಲಿಯಿತು. ಸೀದಾ ಪತ್ರಿಕೆಯ ಕಚೇರಿಗೆ ನಡೆದ.

ವರದಿಗಾರ್ತಿ ನಕ್ಕಳು. “ನಾನು ಕಟ್ಟಿ ಬರೆದೆ ಅಂತೀರಾ? ತಗೊಳ್ಳಿ, ಕೇಳಿ.” ಮೊಬೈಲನ್ನು ಮೇಜಿನ ಮೇಲಿಟ್ಟಳು.

ಎಂಜಿನ್ನಿನ ಸದ್ದು. ಅದರ ಮೇಲೆ ಅಣ್ಣನ ದನಿ. ಮುಂದಿನ ಸೀಟಿನಲ್ಲಿದ್ದ ಯಾವಳೋ ವಿದೇಶಿ ಹುಡುಗಿಗೆ ಅವನು ಒಂದೊಂದೇ ತಿರುವಿನ ಕಥೆ ಹೇಳುತ್ತಿದ್ದ. “ಇಲ್ಲೇ ನಮ್ಮಪ್ಪ ನಂಗೆ ಸೈಕಲ್ ಕಲಿಸಿದ್ದು, ಪುಟ್ಟೀ. ಸೀದಾ ಚರಂಡಿಗೆ!” ಆಮೇಲೆ ನಗು, ಅದರ ಬೆನ್ನಿಗೇ ಪತ್ರಿಕೆಯಲ್ಲಿದ್ದ ಅದೇ ಬಸ್ಸಿನ ಮಾತು. ಅಣ್ಣನ ಆ ನಗು ಗುಮಾಸ್ತನಿಗೆ ಅಪರಿಚಿತ.

“ದಿನಾ ಹೀಗೇ ಅಂತೆ,” ಎಂದಳು ವರದಿಗಾರ್ತಿ. “ಬಾಯಿಗೆ ಬ್ರೇಕೇ ಇಲ್ಲ ಅಂತಾರೆ ಹುಡುಗರು.”

ಅಪ್ಪ ಸೈಕಲ್ ಕಲಿಸಿದ್ದು ಗುಮಾಸ್ತನಿಗೆ ಗೊತ್ತೇ ಇರಲಿಲ್ಲ.

ಮಧ್ಯಾಹ್ನ ತಮ್ಮ ಕಚೇರಿಯಲ್ಲಿ, ಮೇಡಂ ಮತ್ತು ಗುಮಾಸ್ತನ ಎದುರಿಗೆ, ಶಾಸಕರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಡ್ರೈವರನ ಚಿತ್ರದ ಮೇಲೆ ಬೆರಳು ನಿಂತಿತು. ಕಣ್ಣು ಮೇಲಕ್ಕೆತ್ತಿ ಗುಮಾಸ್ತನ ಮೂಗು, ಹಣೆ ಅಳೆದರು.

“ಇವ್ರು ನಿಮಗೇನಾಗ್ಬೇಕು?”

“ಅಣ್ಣ, ಸರ್.”

“ಒಡಹುಟ್ಟಿದ ಅಣ್ಣ?”

“ಹೌದು ಸರ್. ಆದ್ರೆ ಇದು ಬರೋದು ನಂಗೆ ಗೊತ್ತಿರ್ಲಿಲ್ಲ.”

“ಬೇರೆ ಮನೆಯೋ?”

“ಒಂದೇ ಮನೆ.”

ಶಾಸಕರು ಕುರ್ಚಿಗೆ ಒರಗಿದರು. “ಒಂದೇ ಸೂರಿನಡಿ ಇದ್ಕೊಂಡು ಅಣ್ಣ ತಮ್ಮ ಇಬ್ರೂ ಇದರ ಬಗ್ಗೆ ಮಾತೇ ಆಡ್ಲಿಲ್ಲ. ನನ್ನ ಕಿವಿಗೆ ಹೂ ಇಡ್ಬೇಡ್ರೀ.”

“ರೆಕಾರ್ಡಿಂಗ್ ಇದೆ ಸರ್, ಪತ್ರಿಕೆಯವರ ಹತ್ರ.”

“ಹೇಳಿಕೊಟ್ಟದ್ದನ್ನೂ ರೆಕಾರ್ಡ್ ಮಾಡಬಹುದು.” ಉತ್ತರಕ್ಕೆ ಕಾದರು. ಈಗ ಮೇಡಂ ಕೂಡ ಅವನನ್ನೇ ಅನುಮಾನದಿಂದ ನೋಡುತ್ತಿದ್ದರು.

ಒಂದೇ ಒಂದು ವಾಕ್ಯ ಸಾಕಿತ್ತು. ಗುಮಾಸ್ತ ಛತ್ರಿಯ ಹಿಡಿ ತಿರುವುತ್ತ ನಿಂತ.

ಶಾಸಕರು ಆ ಹಾಳೆಯನ್ನು ಕಡತದಿಂದ ಕಿತ್ತು ಪಕ್ಕಕ್ಕಿಟ್ಟರು. “ಉಳಿದದ್ದು ನೋಡ್ತೀನಿ,” ಎಂದರು, ನೋಡದವರ ದನಿಯಲ್ಲಿ.

ಅಣ್ಣ ತನ್ನೊಂದಿಗೆ ಮಾತಾಡುವುದಿಲ್ಲ ಎಂಬುದನ್ನು ಅವನು ಹೇಳಲಿಲ್ಲ.