ಮಾತು ನಿಲ್ಲಿಸಿದ ಕಂಪ್ಯೂಟರ್

ತಂತ್ರಾಂಶದ ಹೊಸ ಆವೃತ್ತಿ ಹಾಕಿದ ಮರುದಿನ ಬೆಳಿಗ್ಗೆ ಕಂಪ್ಯೂಟರ್ ಮಾತು ನಿಲ್ಲಿಸಿತ್ತು.

ಬೇರೆಯವರ ಮನೆಯಲ್ಲಾದರೆ ಹಾಡು ಕೇಳುವುದಿಲ್ಲ, ಸಿನಿಮಾ ನೋಡಲಾಗುವುದಿಲ್ಲ, ಅಷ್ಟೇ. ಆದರೆ ಈ ಮನೆಯ ಸೊಸೆಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಪರದೆಯ ಮೇಲೆ ಬರುವುದನ್ನೆಲ್ಲ ಕಂಪ್ಯೂಟರೇ ಅವಳಿಗೆ ಓದಿ ಹೇಳಬೇಕು. ಆಸ್ಪತ್ರೆಯ ಡಾಕ್ಟರುಗಳು ಬಾಯಲ್ಲಿ ಹೇಳಿ ಕಳಿಸಿದ ವರದಿಗಳನ್ನು ಕೇಳಿ, ಟೈಪ್ ಮಾಡಿ ಕೊಡುವುದು ಅವಳ ಕೆಲಸ. ಧ್ವನಿ ಹೋಯಿತೆಂದರೆ ಓದೂ ಹೋಯಿತು, ದುಡಿಮೆಯೂ ಹೋಯಿತು.

ಸ್ಪೀಕರಿನ ಗುಂಡಿ ತಿರುಗಿಸಿದಳು. ವೈರನ್ನು ಕಿತ್ತು ಒರೆಸಿ ಮತ್ತೆ ಚುಚ್ಚಿದಳು. ಇಯರ್‌ಫೋನ್ ಹಾಕಿ ನೋಡಿದಳು. ಕಂಪ್ಯೂಟರನ್ನೇ ಆರಿಸಿ ಮತ್ತೆ ಹಚ್ಚಿದಳು. ಒಳಗೆ ಫ್ಯಾನ್ ತಿರುಗುವ ಸದ್ದು ಬಿಟ್ಟರೆ ಬೇರೇನಿಲ್ಲ. ‘ಇರಲಾರದೆ ಇರುವೆ ಬಿಟ್ಟುಕೊಂಡೆ’ ಎಂದು ತನ್ನನ್ನೇ ಬೈದುಕೊಂಡಳು. ಮಧ್ಯಾಹ್ನದೊಳಗೆ ಒಂದು ಶಸ್ತ್ರಚಿಕಿತ್ಸೆಯ ವರದಿ ಹೋಗಲೇಬೇಕಿತ್ತು.

ಕೊನೆಗೆ ಫೋನ್ ತೆಗೆದು ಸಹಾಯವಾಣಿಗೆ ಹಚ್ಚಿದಳು. ಆ ಕಡೆಯವನು ವಿನಯದಿಂದಲೇ ಕೇಳಿದ:

“ಪರದೆ ಮೇಲೆ ಏನು ಬರ್ತಿದೆ ಮೇಡಂ?”

“ಗೊತ್ತಿಲ್ಲ.”

“ಸ್ವಲ್ಪ ಕಣ್ಣುಬಿಟ್ಟು ನೋಡಿ ಹೇಳಿ ಮೇಡಂ.”

“ಕಣ್ಣು ಬಿಟ್ಟೇ ಇದೆಯಪ್ಪಾ. ಕಾಣಲ್ಲ, ಅಷ್ಟೆ.”

ಅವನು ತಡವರಿಸಿದ. ಕ್ಷಮೆ ಕೇಳಿದ. ಆಮೇಲೆ ಮೆಲ್ಲಗೆ, “ಮನೇಲಿ ಕಣ್ಣು ಕಾಣೋರು ಯಾರಾದ್ರೂ ಇದ್ದಾರಾ?” ಎಂದ.

ಇದ್ದರು. ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಗಂಡ ರಸ್ತೆ ಅಪಘಾತದಲ್ಲಿ ಹೋಗಿ ವರ್ಷವಾಗುತ್ತ ಬಂದಿತ್ತು. ಆವತ್ತಿನಿಂದ ಅತ್ತೆ ಈ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ‘ಊಟ ಆಯ್ತಾ’, ‘ಹಾಲು ಬಂತು’, ‘ಬಾಗಿಲು ಹಾಕ್ಕೋ’ ಎನ್ನುವುದರಲ್ಲೇ ಇಬ್ಬರ ಮಾತು ಮುಗಿಯುತ್ತಿತ್ತು.

ಅದಕ್ಕೆ ಕಾರಣವಿತ್ತು. ಮಗನ ದೇಹವನ್ನು ಮನೆಗೆ ತಂದ ದಿನ ಸೊಸೆ ಕೈ ಚಾಚಿ ಅವನ ಮುಖ ಹುಡುಕಿದ್ದಳು. ಹಣೆ ಒಡೆದಿತ್ತು. ಅತ್ತೆ ಅವಳ ಕೈಯನ್ನು ತಳ್ಳಿ, ಎಲ್ಲರೆದುರಿಗೆ ಕೂಗಿಬಿಟ್ಟಿದ್ದರು: “ಮುಟ್ಟಬೇಡ! ನೀನೇನು ಅವನ ಮುಖ ಕಂಡವಳಾ?” ಯಾರೋ ಅವಳ ರಟ್ಟೆ ಹಿಡಿದು ಹಿಂದಕ್ಕೆ ಕರೆದೊಯ್ದರು. ಮತ್ತೆ ಮುಟ್ಟುವ ಹೊತ್ತು ಬರಲಿಲ್ಲ.

“ಇದ್ದಾರೆ,” ಎಂದಳು ಫೋನಿಗೆ. ಎದ್ದು ಬಾಗಿಲಲ್ಲಿ ನಿಂತು, “ಅತ್ತೇ, ಒಂದು ನಿಮಿಷ ಬರ್ತೀರಾ?” ಎಂದು ಕರೆದಳು.

ಹೊಲಿಗೆ ಯಂತ್ರ ನಿಂತಿತು. ಅತ್ತೆ ಬಂದರು. ವಿಷಯ ಕೇಳಿ, “ನನಗೆ ಇದರ ತಲೆಬುಡ ಗೊತ್ತಿಲ್ವಲ್ಲೇ,” ಎಂದರೂ ಕನ್ನಡಕ ಏರಿಸಿಕೊಂಡು ಕುರ್ಚಿ ಎಳೆದುಕೊಂಡರು. ಸೊಸೆ ಫೋನಿನ ಸ್ಪೀಕರ್ ಹಾಕಿ, ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಕಂಪ್ಯೂಟರಿನ ಮಾನಿಟರ್ ಮಗ ತನಗೆಂದು ತಂದದ್ದು. ಸೊಸೆಗೆ ಅದರಿಂದ ಕೆಲಸವಿಲ್ಲದೆ ಅದು ಬಟ್ಟೆ ಹೊದ್ದು ಕೂತಿತ್ತು. ಅತ್ತೆ ಬಟ್ಟೆ ಸರಿಸಿ, ದೂಳು ಒರೆಸಿ, ಫೋನಿನವನು ಹೇಳಿದ ಗುಂಡಿ ಒತ್ತಿದರು.

ಪರದೆ ಬೆಳಗಿತು. ಅತ್ತೆಯ ಕುರ್ಚಿ ಮುಂದಕ್ಕೆ ಸರಿದದ್ದು ಸೊಸೆಗೆ ಕೇಳಿಸಿತು.

“ಏನು ಕಾಣ್ತಿದೆ ಅತ್ತೆ?”

“ಏನೇನೋ ಇದೆ.”

“ಹಲೋ? ಮೇಡಂ? ಕೆಳಗೆ ಮೂಲೇಲಿ ಸ್ಪೀಕರ್ ಚಿತ್ರ ಇದೆಯಲ್ಲ, ಅದರ ಮೇಲೆ ಒತ್ತಿ,” ಎಂದ ಫೋನಿನವನು.

ಅತ್ತೆ ಮೌಸ್ ಹಿಡಿದರು. ಬಾಣದ ಗುರುತು ಅಲ್ಲಿಂದಿಲ್ಲಿಗೆ ಓಡಾಡಿತು. “ಇಲಿ ಅಂತ ಸುಮ್ನೆ ಹೆಸರಿಟ್ಟಿಲ್ಲ ಇದಕ್ಕೆ,” ಎಂದು ಗೊಣಗಿದರು. ಹೇಗೋ ಒತ್ತಿದರು. ಅಲ್ಲಿದ್ದದ್ದನ್ನು ಅಕ್ಷರ ಕೂಡಿಸಿಕೊಂಡು ಓದಿದರು.

ಫೋನಿನವನಿಗೆ ಅರ್ಥವಾಯಿತು. “ಹೊಸ ಆವೃತ್ತಿ ಬಂದ ಮೇಲೆ ಅದು ಧ್ವನೀನ ಸ್ಪೀಕರಿಗೆ ಕಳಿಸೋ ಬದ್ಲು ಮಾನಿಟರಿಗೆ ಕಳಿಸ್ತಿದೆ. ನಿಮ್ಮ ಮಾನಿಟರಿನಲ್ಲಿ ಸ್ಪೀಕರೇ ಇಲ್ಲ. ಅದಕ್ಕೇ ಸದ್ದಿಲ್ಲ. ಮಾನಿಟರ್ ಕೇಬಲ್ ಹಿಂದಿನಿಂದ ಕಿತ್ತುಬಿಡಿ, ತಾನೇ ಸರಿಹೋಗುತ್ತೆ. ನಿಮಗೆ ಪರದೆ ಹೇಗೂ ಬೇಡವಲ್ಲ?”

“ಬೇಡ,” ಎಂದಳು ಸೊಸೆ. ಬಗ್ಗಿ ಹಿಂದಕ್ಕೆ ಕೈ ಹಾಕಿ ಕೇಬಲಿನ ತುದಿ ಹಿಡಿದಳು.

ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡರು.

“ಕೀಳಬೇಡ.”

“ಯಾಕತ್ತೆ?”

“ಕಿತ್ರೆ ಅದು ಹೋಗ್ಬಿಡುತ್ತೆ.”

“ಏನು ಹೋಗುತ್ತೆ?”

ಅತ್ತೆ ಹಿಡಿದ ಕೈ ಬಿಡದೆಯೇ ಹೇಳಿದರು. “ಫೋಟೋ ಇದೆ ಕಣೇ ಇದರಲ್ಲಿ. ಪರದೆ ತುಂಬ. ಯಾವುದೋ ಕೆರೆ ದಂಡೆ. ಅವನು ಕಣ್ಣು ಮುಚ್ಕೊಂಡು ಕೂತಿದ್ದಾನೆ. ನೀನು ಎದುರಿಗೆ ಕೂತು ಎರಡೂ ಕೈಯಿಂದ ಅವನ ಮುಖ ಹಿಡ್ಕೊಂಡಿದೀಯ. ನಿನ್ನ ಹೆಬ್ಬೆರಳು ಅವನ ಹುಬ್ಬಿನ ಮೇಲಿದೆ.” ಪರದೆಯ ಹತ್ತಿರಕ್ಕೆ ಬಗ್ಗಿದರು. “ನನ್ನ ಮಗ ನಗ್ತಿದ್ದಾನೆ.”

ಸೊಸೆಗೆ ಆ ದಿನ ನೆನಪಿತ್ತು. ಅವನ ಗೆಳೆಯ ಕ್ಯಾಮೆರಾ ತಂದಿದ್ದ. ಆ ಚಿತ್ರವನ್ನು ದಿನಾ ನೋಡುವ ಜಾಗದಲ್ಲಿ ಅವನು ಇಟ್ಟುಕೊಂಡಿದ್ದನೆಂಬುದು ಮಾತ್ರ ಅವಳಿಗೆ ತಿಳಿದಿರಲಿಲ್ಲ.

“ಹಲೋ? ಲೈನಲ್ಲಿದ್ದೀರಾ?”

“ಇದ್ದೀವಿ. ಕೇಬಲ್ ಕೀಳದೆ ಬೇರೆ ದಾರಿ ಇಲ್ವೇನಪ್ಪಾ?” ಎಂದರು ಅತ್ತೆ.

“ಇದೆ, ಸ್ವಲ್ಪ ಸುತ್ತು.”

“ಸುತ್ತಾದ್ರೂ ಪರವಾಗಿಲ್ಲ. ಹೇಳು.”

ಸುತ್ತಿನ ದಾರಿ ನಿಜವಾಗಿಯೂ ಸುತ್ತೇ ಆಗಿತ್ತು. ಸೊಸೆ ಕೀಲಿಗಳನ್ನು ಒತ್ತಿದಳು, ಯಾವ ಸಾಲಿಗೆ ಬಣ್ಣ ಬಂತೆಂದು ಅತ್ತೆ ಓದಿದರು. ಒಂದು ಸಲ ತಪ್ಪಿ ಎಲ್ಲ ಮುಚ್ಚಿಹೋಯಿತು. ಇನ್ನೊಂದು ಸಲ ಅತ್ತೆ ಸಾಲು ಬಿಟ್ಟು ಓದಿ ಇಬ್ಬರೂ ಎಲ್ಲೋ ಹೋಗಿ ನಿಂತರು. ಸ್ಪೀಕರಿನ ಹೆಸರಿತ್ತು, ಆದರೆ ಮಂಕಾಗಿತ್ತು. ಅದನ್ನು ಮೊದಲು ಚಾಲೂ ಮಾಡಬೇಕಿತ್ತು. ಮಾಡಿದರು. ಸೊಸೆ ಎಂಟರ್ ಒತ್ತಿದಳು.

ಕಂಪ್ಯೂಟರ್ ಒಮ್ಮೆಲೇ ಬಡಬಡಿಸತೊಡಗಿತು. ಅತ್ತೆ ಬೆಚ್ಚಿಬಿದ್ದು ಎದೆಯ ಮೇಲೆ ಕೈ ಇಟ್ಟುಕೊಂಡರು. “ಇಷ್ಟು ಜೋರಾಗಿ ಓಡೋ ಮಾತು ನಿನಗೆ ಅರ್ಥ ಆಗುತ್ತಾ?”

“ಆಗುತ್ತೆ ಅತ್ತೆ.”

ಫೋನಿನವನಿಗೆ ಧನ್ಯವಾದ ಹೇಳಿ ಇಟ್ಟದ್ದಾಯಿತು. ಅತ್ತೆ ಏಳಲಿಲ್ಲ.

“ಅವತ್ತು ನಾನು ನಿನ್ನ ಕೈ ತಳ್ಳಬಾರದಿತ್ತು,” ಎಂದರು. “ನನ್ನ ಹೊಟ್ಟೆ ಉರೀತಿತ್ತು, ನಿಂಗೇನು ಗೊತ್ತಾಗುತ್ತೆ ಅಂತ ಅಂದ್ಬಿಟ್ಟೆ. ನೀನು ನೋಡೋದೇ ಹಾಗೆ ಅನ್ನೋದು ನನ್ನ ತಲೆಗೆ ಹೊಳೀಲಿಲ್ಲ.”

“ತಳ್ಳಬಾರದಿತ್ತು,” ಎಂದಳು ಸೊಸೆ. ಸಮಾಧಾನದ ಮಾತು ಬಾಯಿಗೆ ಬರಲಿಲ್ಲ, ಬರಿಸಿಕೊಳ್ಳಲೂ ಇಲ್ಲ. “ಅದನ್ನ ಈಗ ಸರಿಮಾಡೋಕಾಗಲ್ಲ ಅತ್ತೆ.”

“ಆಗಲ್ಲ.”

ಬೀದಿಯಲ್ಲಿ ಯಾವುದೋ ಗಾಡಿ ಹಿಂದಕ್ಕೆ ಬರುವ ಸದ್ದಾಯಿತು. ಅದು ನಿಂತ ಮೇಲೆ ಸೊಸೆ ಕೇಳಿದಳು:

“ಕೊನೇಲಿ ಅವರ ಮುಖ ಹೇಗಿತ್ತು? ಮುಚ್ಚಿಡಬೇಡಿ, ಇದ್ದ ಹಾಗೆ ಹೇಳಿ.”

ಅತ್ತೆ ಯಾರಿಗೂ ಹೇಳಿರದಿದ್ದನ್ನು ಹೇಳಿದರು. ಗಾಯ ಬಲ ಹುಬ್ಬಿನಿಂದ ಕೂದಲಿನವರೆಗೆ ಇತ್ತು. ಹೊಲಿಗೆ ಹಾಕಿದ್ದರು, ಒರಟಾಗಿ, ತಾನಾಗಿದ್ದರೆ ಹಾಗೆ ಹಾಕುತ್ತಿರಲಿಲ್ಲ. ತುಟಿ ಬಿಳಿಚಿತ್ತು. ಎಡಗೆನ್ನೆಗೆ ಏನೂ ಆಗಿರಲಿಲ್ಲ, ನಿದ್ದೆಯಲ್ಲಿರುವವನ ಹಾಗೇ ಇತ್ತು. ಗಡ್ಡ ಬೋಳಿಸಿರಲಿಲ್ಲ.

“ಬೋಳಿಸಿರಲಿಲ್ಲ,” ಎಂದಳು ಸೊಸೆ. “ಅವತ್ತು ಬೆಳಿಗ್ಗೆ, ಚುಚ್ಚುತ್ತೆ ಅಂತ ಬೈದಿದ್ದೆ. ಬಂದು ಬೋಳಿಸ್ತೀನಿ ಅಂದ್ರು.”

ಆಗ ಅವಳಿಗೆ ಅಳು ಬಂತು. ಇಷ್ಟು ದಿನ ಈ ಮನೆಯಲ್ಲಿ ಯಾರೂ ಕೇಳಿರದ ಅಳು. ಅತ್ತೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಸಮಾಧಾನ ಮಾಡಲಿಲ್ಲ, ತಾವೂ ಅತ್ತರು.

ವರದಿ ತಡವಾಗಿ ಹೋಯಿತು. ಆಸ್ಪತ್ರೆಯ ಗುಮಾಸ್ತೆ ಫೋನಿನಲ್ಲಿ ಸಿಡುಕಿದಳು. ಸೊಸೆ ಅನ್ನಿಸಿಕೊಂಡು, ಮುಂದಿನ ವರದಿ ತೆರೆದಳು. ಬಟ್ಟೆಗೆ ಕಾಜ ಹಾಕುವುದು ಉಳಿದಿದೆ ಎನ್ನುತ್ತ ಅತ್ತೆ ಎದ್ದು ಹೋದರು. ಸ್ವಲ್ಪ ಹೊತ್ತಿನಲ್ಲೇ ಬಟ್ಟೆ, ಸೂಜಿ, ನೂಲಿನ ಡಬ್ಬಿ ಎಲ್ಲವನ್ನೂ ಹೊತ್ತುಕೊಂಡು ವಾಪಸು ಬಂದು ಕಿಟಕಿಯ ಪಕ್ಕ ಕೂತರು. ಇಲ್ಲಿ ಬೆಳಕು ಚೆನ್ನಾಗಿದೆ, ಎಂದರು.