ಹೂಂ, ನಡಿ

"ಹೋಗಲಾ?" ಎಂದು ರತ್ನವ್ವ ಇಂಗ್ಲಿಷಿನಲ್ಲಿ ಕೇಳಿದಳು.

ಎಡಗಡೆಯ ಸೀಟಿನಲ್ಲಿ ಕೂತಿದ್ದ ಪೌಲ್ಟರ್ ರಸ್ತೆ ನೋಡಿದ. ಕಾರಿನ ಮುಂದೆ ಲಂಡನ್ನಿನ ಕಿಂಗ್ಸ್‌ಬರಿ ಸರ್ಕಲ್ಲಿನ ಸುತ್ತ ಗಾಡಿಗಳು ಒಂದೇ ಸಮನೆ ತಿರುಗುತ್ತಿದ್ದವು. ಬಲಗಡೆಯಿಂದ ಒಂದು ವ್ಯಾನು ಬಂದು ದಾಟಿತು. ಅದರ ಹಿಂದೆ ಲಾರಿ ನುಗ್ಗುವಷ್ಟು ಜಾಗ ಖಾಲಿಯಾಯಿತು. ರತ್ನವ್ವ ಆ ಜಾಗವನ್ನು ನೋಡಿದಳು, ನೋಡುತ್ತಲೇ ಕೂತಳು, ಅದು ಮತ್ತೆ ತುಂಬಿಕೊಂಡಿತು. ಹಿಂದಿನ ಕಾರಿನವನು ಹಾರ್ನ್ ಒತ್ತಿದ.

"ಹೋಗಲಾ?" ಈ ಸಲ ದನಿಯಲ್ಲಿ ಅಳು ಬೆರೆತಿತ್ತು.

"ಅದನ್ನು ನಾನು ಹೇಳುವ ಹಾಗಿಲ್ಲ, ಮಿಸೆಸ್ ಅಂಗಡಿ," ಎಂದ ಪೌಲ್ಟರ್. "ನಾನು ನೋಡುವವನು ಮಾತ್ರ."

ಅಲ್ಲ, ಇವನೆಂಥ ಮನುಷ್ಯ! ಚಂದಾ ಕಟ್ಟಿ ಪಕ್ಕದಲ್ಲಿ ಕೂರಿಸಿಕೊಂಡರೆ ಬರೀ ನೋಡುತ್ತಾನಂತೆ. ನೋಡುವುದಕ್ಕೆ ಪಕ್ಕದ ಮನೆಯ ಬೆಕ್ಕು ಸಾಲದೇ? ರತ್ನವ್ವ ಹಲ್ಲು ಕಚ್ಚಿಕೊಂಡು, ಎಡಗಡೆಯ ಮೊದಲ ರಸ್ತೆಗೆ ಕಾರು ಹೊರಳಿಸಿಬಿಟ್ಟಳು. ಅವರು ಹೋಗಬೇಕಾಗಿದ್ದದ್ದು ನೇರಕ್ಕೆ.

ಡ್ರೈವಿಂಗ್ ಬಂದವರಿಗೆ ಇನ್ನೂ ಚೆನ್ನಾಗಿ ಡ್ರೈವಿಂಗ್ ಕಲಿಸುವ ಸಂಘವೊಂದಿದೆ ಎಂದು ಅವಳಿಗೆ ಹೇಳಿದ್ದು ಶಾಲೆಯ ಅಡಿಗೆಮನೆಯಲ್ಲಿ ಜೊತೆಗೆ ಕೆಲಸ ಮಾಡುವ ಹೆಂಗಸು. ಲೈಸೆನ್ಸ್ ಇದ್ದವರೇ ಅಲ್ಲಿಗೆ ಸೇರಬೇಕು. ಚಂದಾ ಕೊಟ್ಟರೆ ಭಾನುವಾರ ಬೆಳಿಗ್ಗೆ ಒಬ್ಬ ಅಬ್ಸರ್ವರ್ ಬಂದು, ನಿಮ್ಮದೇ ಕಾರಿನಲ್ಲಿ ನಿಮ್ಮ ಪಕ್ಕ ಕೂತು, ತಪ್ಪು ಒಪ್ಪು ಹೇಳುತ್ತಾನೆ. ಕೊನೆಗೆ ಒಂದು ಪರೀಕ್ಷೆ. ಇದನ್ನು ಕೇಳಿ ಮಗ ವಿಕಾಸ ರೆಡಿಂಗ್ ಊರಿನಿಂದ ಫೋನಿನಲ್ಲೇ ನಕ್ಕಿದ್ದ. "ಅವ್ವಾ, ಬಂದದ್ದನ್ನ ಕಲಿಯಾಕ ರೊಕ್ಕ ಕೊಡ್ತಾರೇನು? ಇನ್ಶೂರೆನ್ಸ್‌ನವರನ್ನ ಕೇಳಿದೆ ನಾನು. ಅವರು ಕೊಡೋ ಡಿಸ್ಕೌಂಟ್‌ಗಿಂತ ಆ ಫೀಸೇ ಜಾಸ್ತಿ. ಟೋಟಲ್ ವೇಸ್ಟ್."

ಮೂಗಿಗಿಂತ ಮೂಗುತಿ ಭಾರ ಎನ್ನುವುದು ರತ್ನವ್ವನಿಗೂ ಗೊತ್ತಿತ್ತು. ಆದರೆ ಮಗನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಗಂಡ ಅಡಿವೆಪ್ಪ ತೀರಿಕೊಂಡಾಗಿನಿಂದ ಅವಳು ಎಡಕ್ಕೆ ಮಾತ್ರ ತಿರುಗುತ್ತಿದ್ದಳು.

ಬೈಲಹೊಂಗಲದಿಂದ ಬಂದ ಹೊಸತರಲ್ಲಿ ಗಂಡಹೆಂಡತಿ ಇಬ್ಬರೂ ಡ್ರೈವಿಂಗ್ ಟೆಸ್ಟಿಗೆ ಕೂತಿದ್ದರು. ರತ್ನವ್ವ ಮೊದಲ ಏಟಿಗೇ ಪಾಸಾದಳು. ಅಡಿವೆಪ್ಪ ಸಾಲಾಗಿ ಫೇಲಾದ. ಪರೀಕ್ಷೆ ಮಾಡುವವನ ಕಣ್ಣು ಸರಿಯಿಲ್ಲ ಅಂದ, ಕ್ಲಚ್ಚು ಬಿಗಿ ಅಂದ, ಕಡೆಗೆ ಈ ದೇಶದ ರಸ್ತೆಯೇ ಸರಿಯಿಲ್ಲ ಅಂದು ಕೈಬಿಟ್ಟ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಆದರೆ ಕಾರು ಓಡಿಸುವುದನ್ನು ಬಿಟ್ಟನೇ? ಇಲ್ಲ. ಎಡಗಡೆ ಕೂತು ಬಾಯಿಯಿಂದ ಓಡಿಸಿದ. "ಏ, ಬ್ರೇಕ್ ಹಿಡಿ! ಕಣ್ಣ ಎಲ್ಲಿಟ್ಟೀ? ಆ ಮುದುಕಿ ದಾಟಾಕತ್ತಾಳ ನೋಡು! ಕಾರ ಹೊಡ್ಯಾಕತ್ತೀಯೋ ಎಮ್ಮಿ ಮೇಸಾಕತ್ತೀಯೋ?" ಬ್ರೆಡ್ ಫ್ಯಾಕ್ಟರಿಯಲ್ಲಿ ಇಡೀ ದಿನ ಮೂಗನ ಹಾಗೆ ಇರುತ್ತಿದ್ದ ಗಂಡಸು ಕಾರು ಹತ್ತಿದರೆ ಸಾಕು, ಧಾರವಾಡ ಆಕಾಶವಾಣಿ.

ಸರ್ಕಲ್ಲು ಬಂದಾಗ ಮಾತ್ರ ಬೈಗುಳ ನಿಲ್ಲುತ್ತಿತ್ತು. ಅಡಿವೆಪ್ಪ ಸುಮ್ಮನಾಗುತ್ತಿದ್ದ, ಅವಳೂ ಉಸಿರು ಬಿಗಿಹಿಡಿಯುತ್ತಿದ್ದಳು. ಆಮೇಲೆ ಅವನ ಗಂಟಲಿನಿಂದ ಒಂದೇ ಮಾತು, "ಹೂಂ, ನಡಿ." ಅವಳು ನುಗ್ಗುತ್ತಿದ್ದಳು. ವರ್ಷಾನುಗಟ್ಟಲೆ ಹೀಗೇ ನಡೆದುಬಂದಿತ್ತು. ಅವನು ಹೋದ ಮೇಲೆ ಮೊದಲ ಸಲ ಒಬ್ಬಳೇ ಸರ್ಕಲ್ಲಿಗೆ ಹೋದಾಗ, ತಾನು ಯಾವುದಕ್ಕೋ ಕಾಯುತ್ತಿದ್ದೇನೆ ಎಂದು ಅವಳಿಗೆ ಹೊಳೆಯಿತು. ಹಿಂದೆ ಕಾರುಗಳ ಸಾಲು ಬೆಳೆಯಿತು. ಯಾರೋ ಇಳಿದು ಬಂದು ಕಿಟಕಿ ಬಡಿದು, ಹುಷಾರಾಗಿದ್ದೀರಾ ಎಂದು ಕೇಳಿದರು.

ಎಡಕ್ಕೆ ಮಾತ್ರ ತಿರುಗಿ ಎಷ್ಟು ಲಂಡನ್ ನೋಡಬಹುದು? ಒಂದು ಪೆಟ್ರೋಲ್ ಬಂಕು, ಒಂದು ಕಾರ್ಪೆಟ್ ಅಂಗಡಿ, ಮತ್ತೆ ಮನೆ. ಶಾಲೆಗೆ ಹೋಗಲು ಎರಡು ಬಸ್ಸು ಬದಲಿಸಬೇಕಾಯಿತು, ಮೊಣಕಾಲು ಕೇಳಲೊಲ್ಲದು. ವಿಕಾಸ ಕಾರು ಮಾರಿಬಿಡೋಣ ಎಂದ. ಕಾರಿನ ಮಾತು ಹಾಗೇ ಮನೆಗೂ ಹಬ್ಬಿತು. ನಮ್ಮ ಜೊತೆಗೇ ಬಂದುಬಿಡು, ಸಣ್ಣ ರೂಮು ಖಾಲಿ ಇದೆ ಎಂದ. ಮಗ ಒಳ್ಳೆಯವನೇ. ಆದರೆ ಆ ಸಣ್ಣ ರೂಮನ್ನು ರತ್ನವ್ವ ನೋಡಿದ್ದಳು. ಅದರಲ್ಲಿ ಇಸ್ತ್ರಿ ಮೇಜು ಇಡುತ್ತಿದ್ದರು. ಕಾರು ಹೋದರೆ ತನ್ನದು ಅನ್ನುವುದೆಲ್ಲ ಹೋದಂತೆಯೇ ಎಂದು ಅವಳಿಗೆ ಹೆದರಿಕೆ ಹತ್ತಿತು. ಅದಕ್ಕೇ ಚಂದಾ ಕಟ್ಟಿದ್ದಳು.

ಇನ್ನೂ ಒಂದು ಕಾರಣವಿತ್ತು. ಅದನ್ನು ಅವಳು ತನಗೂ ಹೇಳಿಕೊಂಡಿರಲಿಲ್ಲ. ವಾರಕ್ಕೊಮ್ಮೆಯಾದರೂ ಆ ಎಡಗಡೆಯ ಸೀಟಿನ ಮೇಲೆ ಒಂದು ಜೀವ ಕೂರುತ್ತಿತ್ತು.

ಪೌಲ್ಟರ್ ಬರುವಾಗ ಮಡಚಿದ ಮಳೆಕೋಟು ತರುತ್ತಿದ್ದ, ಪೆಪ್ಪರಮಿಂಟ್ ಚೀಪುತ್ತಿದ್ದ, ಕಡಿಮೆ ಮಾತಾಡುತ್ತಿದ್ದ. ಒಂದು ಭಾನುವಾರ ಅವನು ಹೊಸದೊಂದು ಹೇಳಿದ. "ಇವತ್ತು ಕಣ್ಣಿಗೆ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಓಡಿಸಿ. ಏನು ಕಾಣುತ್ತಿದೆ, ಅದಕ್ಕೆ ನೀವೇನು ಮಾಡುತ್ತೀರಿ, ಎಲ್ಲ."

ರತ್ನವ್ವ ಇಂಗ್ಲಿಷಿನಲ್ಲಿ ಶುರು ಮಾಡಿದಳು. "ಬಸ್ ಇದೆ. ಸಿಗ್ನಲ್ ಇದೆ. ಹುಡುಗ..." ಅಷ್ಟರಲ್ಲಿ ಹುಡುಗ ಹಿಂದೆ ಬಿದ್ದು ಝೀಬ್ರಾ ಪಟ್ಟೆಯ ಮೇಲೆ ದಾಟುವ ಜಾಗ ಬಂದಿತ್ತು. ಮಾತು ಹುಡುಕುತ್ತ ಕಣ್ಣು ರಸ್ತೆ ಬಿಟ್ಟಿತು.

"ನಿಮ್ಮ ಭಾಷೆಯಲ್ಲೇ ಹೇಳಿ," ಎಂದ ಪೌಲ್ಟರ್. "ನಾನು ನಿಮ್ಮ ಕಣ್ಣು ನೋಡುತ್ತಿರುತ್ತೇನೆ."

ಕನ್ನಡದಲ್ಲಿ? ಅಡಿವೆಪ್ಪ ಹೋದ ಮೇಲೆ ಕನ್ನಡ ಮಾತಾಡುವುದೇ ಮಗನ ಫೋನು ಬಂದಾಗ. ಅವನೂ ಅರ್ಧ ಇಂಗ್ಲಿಷ್. ಅಕ್ಕಪಕ್ಕದವರೆಲ್ಲ ಗುಜರಾತಿಗಳು. ಸಾರು ಉಕ್ಕಿದಾಗ "ಅಯ್ಯ ಶಿವನ" ಅಂದರೆ ಅದೇ ಇಡೀ ದಿನದ ಕನ್ನಡ. ರತ್ನವ್ವ ಗಂಟಲು ಸರಿಮಾಡಿಕೊಂಡಳು.

"ಮುಂದ ಕೆಂಪ ಕಾರ ನಿಂತೈತಿ. ಬಾಗಿಲಾ ತಗೀಬಹುದು. ಸ್ವಲ್ಪ ಸರಕೋ. ಸರಕೋ ಅಂದ್ರ ಕೇಳಂಗಿಲ್ಲೇನ? ಆ ಸೈಕಲ್ಲಿನಾಂವ ನಿನ್ನ ಬೀಗನೇನ, ಅಷ್ಟ ಹತ್ರ ಹೊಂಟಿ! ಬ್ರೇಕ್ ಹಿಡಿ. ಕಾರ ಹೊಡ್ಯಾಕತ್ತೀಯೋ ಎಮ್ಮಿ ಮೇಸಾಕತ್ತೀಯೋ?"

ಮಾತು ಅವಳದಲ್ಲ, ಆ ಗತ್ತೂ ಅವಳದಲ್ಲ. ಅಡಿವೆಪ್ಪನೇ ಅವಳ ಬಾಯಿಗೆ ಬಂದು ಕೂತಿದ್ದ. ನಿಲ್ಲಿಸಬೇಕೆಂದರೂ ನಿಲ್ಲಲಿಲ್ಲ. ಕಿಂಗ್ಸ್‌ಬರಿ ಸರ್ಕಲ್ಲು ಬಂತು. ಅವಳ ಬಾಯಿ ಕಟ್ಟಿತು. ಬಲಗಡೆಯಿಂದ ಒಂದು ಕಾರು, ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಬಯಲು.

"ಹೂಂ, ನಡಿ," ಎಂದಳು ರತ್ನವ್ವ.

ಕಾರು ನಡೆಯಿತು. ಸರ್ಕಲ್ಲಿನ ಅರ್ಧ ಸುತ್ತಿ ಕೆಂಟನ್ ರೋಡಿಗೆ ಹೊರಬಿದ್ದಾಗ ಅವಳ ಕಣ್ಣು ತುಂಬಿಕೊಂಡಿತ್ತು.

"ತುಂಬಾ ಚೆನ್ನಾಗಿತ್ತು," ಎಂದ ಪೌಲ್ಟರ್. "ಆ ಸೈಕಲ್ ಹತ್ತಿರ ಅಷ್ಟುದ್ದ ಏನು ಹೇಳಿದಿರಿ?"

"ಸೈಕಲ್ ಇದೆ ಅಂದೆ," ಎಂದಳು ರತ್ನವ್ವ.

"ಉದ್ದನೆಯ ಭಾಷೆ," ಎಂದು ಅವನು ಇನ್ನೊಂದು ಪೆಪ್ಪರಮಿಂಟ್ ಬಾಯಿಗೆ ಹಾಕಿಕೊಂಡ.

ಆಮೇಲಿನ ಭಾನುವಾರಗಳು ಅವಳ ಪಾಲಿಗೆ ಹಬ್ಬದಂತಿದ್ದವು. ಅಡಿವೆಪ್ಪ ಬೈಯುತ್ತಿದ್ದ, ಅವಳು ಓಡಿಸುತ್ತಿದ್ದಳು, ಪೌಲ್ಟರ್ ಕಣ್ಣು ನೋಡುತ್ತಿದ್ದ. ಎಡ್ಜ್‌ವೇರು, ಹ್ಯಾರೋ, ಒಂದು ಸಲ ಮೋಟರ್‌ವೇ ಕೂಡ. ಪರೀಕ್ಷೆ ಪಾಸಾಯಿತು. ಪೌಲ್ಟರ್ ಕೈ ಕುಲುಕಿ, ಮುಂದಿನ ಭಾನುವಾರದಿಂದ ತನಗೆ ಬೇರೊಬ್ಬರು ಇದ್ದಾರೆ ಎಂದು ಹೇಳಿ ಹೋದ. ಪಾಸಾದವರ ಪಕ್ಕ ಯಾರು ಕೂರುತ್ತಾರೆ? ಅದು ಅವಳಿಗೆ ಮೊದಲೇ ತಿಳಿದಿತ್ತು, ಆದರೂ ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ.

ವಸಂತ ಬಂದಾಗ ಮುಂದಿನ ವರ್ಷದ ಚಂದಾ ಕಟ್ಟುವ ಹೊತ್ತಾಯಿತು. ವಿಕಾಸ ಒಬ್ಬನೇ ಊಟಕ್ಕೆ ಬಂದಿದ್ದ. ಅವನನ್ನು ವಾಪಸು ಟ್ಯೂಬ್ ರೈಲಿನ ಸ್ಟೇಷನ್ನಿಗೆ ಬಿಡಲು ರತ್ನವ್ವ ಕಾರು ತೆಗೆದಳು. ಅವನು ಕಾರು ಮಾರುವ ಮಾತು ಈಗ ಆಡುತ್ತಿರಲಿಲ್ಲ.

"ಅಲ್ಲವ್ವಾ, ಪಾಸ್ ಆಗೇದ. ಇನ್ನ ಯಾಕ ಫೀಸು?" ಎಂದ.

"ಮೆಂಬರ್ ಇದ್ರ ವರ್ಷಕ್ಕೊಮ್ಮೆ ಯಾರರ ಬಂದು ಪಕ್ಕ ಕೂಡ್ತಾರಂತ. ಡ್ರೈವಿಂಗ್ ಕೆಟ್ಟೈತೇನ ಅಂತ ನೋಡಾಕ."

"ವರ್ಷಕ್ಕೊಮ್ಮೆ ಒಬ್ಬರು ಪಕ್ಕ ಕೂಡಾಕ ಇಷ್ಟು ರೊಕ್ಕಾ?"

ಅಷ್ಟರಲ್ಲಿ ಸರ್ಕಲ್ಲು ಬಂದಿತ್ತು. ಬಲಕ್ಕೆ ನೋಡಿದಳು, ಗೇರು ಹಾಕಿದಳು, ಬಾಯಿಯೊಳಗೇ "ಹೂಂ, ನಡಿ" ಎಂದು ಕಾರು ಬಿಟ್ಟಳು.

ವಿಕಾಸ ಜೋರಾಗಿ ನಕ್ಕ. "ಅಪ್ಪನ ಡೈಲಾಗ್! ಓ ಗಾಡ್, ಮರೆತೇ ಬಿಟ್ಟಿದ್ದೆ. ಕಣ್ಣು ಮುಚ್ಚಿಕೊಂಡು ಹೇಳ್ತಿದ್ರಲ್ಲ."

"ಯಾರು ಕಣ್ಣ ಮುಚ್ಚಿಕೊಂಡು?"

"ಅಪ್ಪಾ. ಪ್ರತಿ ರೌಂಡ್‌ಅಬೌಟ್‌ನ್ಯಾಗೂ. ನಿಂಗ ಗೊತ್ತಿಲ್ಲೇನು? ನಾ ಸಣ್ಣಾಂವ ಇದ್ದಾಗ ನಿನ್ನ ಹಿಂದ ಕೂಡ್ತಿದ್ದೆ, ಅಪ್ಪನ ಮುಖ ಸೈಡಿಂದ ಪೂರಾ ಕಾಣ್ತಿತ್ತು. ಬಾಗಿಲ ಹಿಡಿಕಿ ಹಿಡ್ಕೊಂಡು, ಕಣ್ಣು ಟೈಟ್ ಆಗಿ ಮುಚ್ಚಿ, ತುಟಿ ಅಲ್ಲಾಡಿಸ್ತಿದ್ರು. ಬಸವಣ್ಣ ಬಸವಣ್ಣ ಅಂತ. ನೀ ಗೇರ್ ಹಾಕಿದ್ದು ಕೇಳಿದ ಮೇಲೆ ಹೂಂ ಅಂತಿದ್ರು."

ರತ್ನವ್ವ ಮುಂದೆ ನೋಡುತ್ತಲೇ ಇದ್ದಳು. ಕನ್ನಡಿ ನೋಡಿದಳು, ವೇಗ ಇಳಿಸಿದಳು, ಕಲಿತದ್ದನ್ನೆಲ್ಲ ಕೈಕಾಲು ತಾವಾಗಿಯೇ ಮಾಡಿದವು.

"ಖರೇನ?"

"ಪ್ರಾಮಿಸ್. ಅದಕ್ಕೇ ನಾ ಹೇಳೋದು ಅವ್ವಾ. ನಿಂಗ ಮೊದಲಿಂದನೂ ಎಲ್ಲಾ ಬರ್ತಿತ್ತು. ನೋಡ್ತಿದ್ದಾಕಿ ನೀನು ಒಬ್ಬಾಕಿನ. ಇವರಿಗೆ ಸುಮ್ನ ರೊಕ್ಕ ಕೊಟ್ಟಿ."

ಸ್ಟೇಷನ್ ಬಂತು. ರತ್ನವ್ವ ಕಾರು ಬದಿಗೆ ನಿಲ್ಲಿಸಿದಳು. ವಿಕಾಸ ರೊಟ್ಟಿಯ ಡಬ್ಬಿ ಎತ್ತಿಕೊಂಡು, ಅವ್ವನ ಕೆನ್ನೆಗೆ ಮುತ್ತು ಕೊಟ್ಟ. "ಸೋ, ಕ್ಯಾನ್ಸಲ್ ಮಾಡ್ತೀಯಲ್ಲ?"

"ಪೌಲ್ಟರ್ ಕಣ್ಣ ತಗದು ಕೂಡ್ತಿದ್ದನಪಾ," ಎಂದಳು ರತ್ನವ್ವ. ಅದು ಹೊಗಳಿಕೆಯೋ ದೂರೋ ವಿಕಾಸನಿಗೆ ತಿಳಿಯಲಿಲ್ಲ. ಅವನು ನಕ್ಕು, ಕೈ ಬೀಸಿ, ಮೆಟ್ಟಿಲು ಇಳಿದು ಹೋದ.

ವಾಪಸು ಬರುವಾಗ ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು. ಎಲಾ ಇವನ! ಎಂಥ ಮೋಸಗಾರ! ಇಷ್ಟು ವರ್ಷ ತನ್ನನ್ನು ಅಷ್ಟು ದೊಡ್ಡ ದೊಡ್ಡ ಸರ್ಕಲ್ಲುಗಳಲ್ಲಿ ಒಬ್ಬಳನ್ನೇ ಬಿಟ್ಟಿದ್ದ. ಇಬ್ಬರೂ ನೋಡುತ್ತಿದ್ದೇವೆ ಎಂದು ತಾನು ನಂಬಿದ್ದಳಲ್ಲ! ಆಮೇಲೆ ಬಾಗಿಲ ಹಿಡಿಕೆ ಹಿಡಿದ ಆ ಕೈ ಕಣ್ಣಿಗೆ ಕಟ್ಟಿತು, ಉಗುರಿನ ಸಂದಿಯಲ್ಲಿ ಯಾವಾಗಲೂ ಹಿಟ್ಟು ಕೂತಿರುತ್ತಿದ್ದ ಕೈ. ಅಷ್ಟು ಹೆದರಿಕೆ ಇಟ್ಟುಕೊಂಡು ಒಮ್ಮೆಯಾದರೂ ನಾ ಬರಂಗಿಲ್ಲ ಅಂದಿದ್ದನೇ? ಬಸ್ಸಿಗೆ ಹೋಗೂಣು ಅಂದಿದ್ದನೇ? ಸಿಟ್ಟು ಎಲ್ಲಿ ಹೋಯಿತೋ.

ಕಿಂಗ್ಸ್‌ಬರಿ ಸರ್ಕಲ್ಲಿನ ಗೆರೆಯ ಹತ್ತಿರ ಅವಳು ಕಾರು ನಿಲ್ಲಿಸಿದಳು. ಗೇರು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದಳು. ಪಕ್ಕದ ಬಾಗಿಲಿನ ಹಿಡಿಕೆಯನ್ನು ಬಲಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದಳು. ಬಸ್ಸು ಎಷ್ಟು ಹತ್ತಿರ ಸದ್ದು ಮಾಡುತ್ತ ಹೋಗುತ್ತದೆ! ಸೀಟು ನಡುಗಿತು. ಅದರ ಹಿಂದೆ ಇನ್ನೊಂದು ಗಾಡಿ, ಅದು ಎಲ್ಲಿಂದ ಬಂತು, ಎಷ್ಟು ದೊಡ್ಡದು, ಏನೂ ತಿಳಿಯಲಿಲ್ಲ. ಅವಳ ತುಟಿ ಅಲುಗಿತು. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು.

"ತಡೀರಿ," ಎಂದಳು ರತ್ನವ್ವ, ಕಣ್ಣು ತೆರೆಯದೆ.