ಬುಡದ ಎಲೆ

ಹಾಲವ್ವ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ತನ್ನ ಎಳೆಗಬ್ಬಿನ ಬುಡದ ಎಲೆಯೊಂದನ್ನು ಚಿವುಟಿ ಬಿಸಿಲಿಗೆ ಹಿಡಿದಳು. ತುದಿಯಿಂದ ನಡುವಿನವರೆಗೂ ಅರಿಸಿನ ಬಳಿದಂತಿತ್ತು.

"ನೋಡ್ ಅಂಜನಾ, ಸುಳಿ ಅಷ್ಟ ಹಸರೈತಿ. ಬುಡದ ಎಲಿ ತನ್ನ ಜೀವಾ ತಗದು ಮ್ಯಾಲಿಂದಕ್ಕ ಕೊಡಾಕತ್ತೈತಿ. ಹೊಟ್ಟಿಗಿಲ್ಲದ ಬಾಣಂತಿ ಕೂಸಿಗೆ ಹಾಲು ಕುಡಿಸಿದಂಗ."

ಅಂಜನಾ ತಲೆ ಎತ್ತಲಿಲ್ಲ. ತನ್ನ ಹೊಲದ ಸಾಲಿನಲ್ಲಿ ಕುರ್ಪಿಯಿಂದ ಕರಿಕೆಯ ಬೇರು ಕೆದಕುತ್ತಲೇ ಇದ್ದಳು. ಬದುವಿನ ಈಚೆ ಅವಳ ಕಬ್ಬು ಕಪ್ಪೇರುವಷ್ಟು ಹಸಿರಾಗಿತ್ತು. ಆಚೆ ಹಾಲವ್ವನದು; ಅದೇ ವಾರ ನೆಟ್ಟದ್ದು, ಅದೇ ಕಾಲುವೆಯ ನೀರು ಕುಡಿದದ್ದು.

ಚಿಮ್ಮಡಕ್ಕೆ ಸೊಸೆಯರಾಗಿ ಬಂದಾಗಿನಿಂದ ಇವರಿಬ್ಬರದು ಮುಯ್ಯಾಳು. ಇವಳ ಹೊಲಕ್ಕೆ ಅವಳು, ಅವಳ ಹೊಲಕ್ಕೆ ಇವಳು; ಕೂಲಿಯ ಮಾತಿಲ್ಲ. ಹೋದ ತಿಂಗಳು ಹಾಲವ್ವ ಮಗಳ ಬಾಣಂತನಕ್ಕೆ ಮುಧೋಳಕ್ಕೆ ಹೋಗುವಾಗ ತನ್ನ ಕಬ್ಬಿಗೆ ಹಾಕಲೆಂದು ಎರಡು ಚೀಲ ಯೂರಿಯಾ ಅಂಜನಾಳ ಕೈಗೊಪ್ಪಿಸಿದ್ದಳು. ಅಂಗಡಿಯಲ್ಲಿ ಯೂರಿಯಾ ಸಿಗದ ದಿನಗಳು. ಅಂಜನಾ ಒಂದು ಚೀಲ ಹಾಲವ್ವನ ಹೊಲದಲ್ಲಿ ಹಾಕಿದಳು. ಇನ್ನೊಂದನ್ನು ಹೊತ್ತು ಬದು ದಾಟಿದಳು. ಮಣ್ಣು ಮುಚ್ಚಿದ ಮೇಲೆ ಯಾರಿಗೆ ಕಾಣುತ್ತದೆ? ಬೇರು ಕುಡಿದದ್ದನ್ನು ಎಲೆ ಆಡಿಬಿಡುತ್ತದೆಂಬುದು, ಹೊಲದಲ್ಲೇ ಬೆಳೆದ ಅವಳಿಗೆ ಆ ಗಳಿಗೆಯಲ್ಲಿ ಮರೆತೇ ಹೋಗಿತ್ತು.

"ನಿನ್ನ ಕೈಗುಣ ದೊಡ್ಡದವಾ" ಎನ್ನುತ್ತ ಹಾಲವ್ವ ಬದು ಇಳಿದು ಪಕ್ಕದ ಸಾಲಿಗೆ ಬಂದಳು. ಇವತ್ತು ಅವಳು ಮುಯ್ಯಿ ತೀರಿಸುವ ಸರದಿ. "ನಂದು ಸೌಳು ಹೊಡದ ಭೂಮಿ, ತಿಂದದ್ದು ಮೈಗೆ ಹತ್ತಂಗಿಲ್ಲ. ಥೇಟ್ ನಮ್ಮ ಮನಿಯವರಂಗ!" ತನ್ನ ಮಾತಿಗೆ ತಾನೇ ನಕ್ಕಳು. ಆಮೇಲೆ ನಿಟ್ಟುಸಿರಿಟ್ಟು, "ನಾಳಿ ಪಾಂಡಪ್ಪಗ ಟ್ರ್ಯಾಕ್ಟರ್ ತರಾಕ ಹೇಳೇನಿ. ಕಬ್ಬೆಲ್ಲಾ ಕೆಡವಿ ಗೋವಿನಜೋಳ ಹಾಕಿಬಿಡ್ತೇನಿ."

ಅಂಜನಾಳ ಕುರ್ಪಿ ನಿಂತಿತು. "ಬ್ಯಾಡಕ್ಕ. ಇನ್ನೊಂದು ಚೀಲ ಹಾಕಿ ನೋಡೂಣು. ನಾ ಎಲ್ಲಿಂದರ ತರ್ತೇನಿ."

"ಎರಡು ಚೀಲ ನುಂಗಿ ಕುಂತೈತಿ. ನೀನ ನಿಂತು ಹಾಕಿದಿ. ಮತ್ಯಾಕ ಹಾಳ ಮಾಡೂದು?"

ಸುಮ್ಮನಿದ್ದರೆ ನಾಳೆ ಆ ಹಳದಿಯೆಲ್ಲ ಮಣ್ಣು ಸೇರುತ್ತದೆ, ಅದರೊಂದಿಗೆ ತಾನು ಮಾಡಿದ್ದೂ. ಸುಮ್ಮನಿರಬಹುದು ಎಂದು ಅಂಜನಾಳಿಗೆ ಒಂದು ಕ್ಷಣ ಅನಿಸಿತು. ಅನಿಸಿದ್ದಕ್ಕೇ ಕಿವಿ ಬಿಸಿಯಾದವು.

"ಎರಡು ಹಾಕಿಲ್ಲಕ್ಕ. ಒಂದ ಹಾಕೇನಿ. ಇನ್ನೊಂದು... ಇಲ್ಲೈತಿ." ಅವಳ ಅಂಗೈ ತನ್ನ ಸಾಲಿನ ಮಣ್ಣಿನ ಮೇಲಿತ್ತು.

ಹಾಲವ್ವ ಆ ಕೈಯನ್ನು ನೋಡಿದಳು. ಅದರಾಚೆಗಿನ ಕಪ್ಪು ಹಸಿರನ್ನು ನೋಡಿದಳು. ಬೈಗುಳಕ್ಕೆ ಅಂಜನಾ ಕಾದಳು. ಬಂದಿದ್ದರೆ ಜೀವ ಹಗುರಾಗುತ್ತಿತ್ತು.

"ಪಾಂಡಪ್ಪಗ ಬರಬ್ಯಾಡ ಅಂತ ಹೇಳಬೇಕು" ಎಂದಷ್ಟೇ ಅಂದಳು ಹಾಲವ್ವ.

"ನೀ ಮನಿಗೆ ಹೋಗಕ್ಕ. ಉಳದದ್ದು ನಾ ತಗೀತೇನಿ."

"ಯಾಕ? ಮುಯ್ಯಿ ಇನ್ನೂ ಮುಗದಿಲ್ಲಲಾ."

ಹಾಲವ್ವ ಸೆರಗನ್ನು ಕಣ್ಣಿನ ಮಟ್ಟಕ್ಕೆ ಎಳೆದುಕೊಂಡು ಮತ್ತೆ ಕುಳಿತಳು. ಕಸ ಕಿತ್ತು ಬೇರಿನ ಮಣ್ಣು ಕೊಡವಿ, ಅಂಜನಾಳ ಕಬ್ಬಿನ ಒಂದೊಂದು ಬುಡಕ್ಕೂ ಎರಡೂ ಕೈಯಿಂದ ಮಣ್ಣೇರಿಸಿ ಒತ್ತುತ್ತ ಮುಂದೆ ಮುಂದೆ ಸರಿದಳು.